ದೊರೆ ಕಟಕಟೆ ಹತ್ತದ ಕಾಲ

1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯಲ್ಲಿ ಕೊಲೆಗೆ ಇದ್ದದ್ದು ಒಂದೇ ವ್ಯಾಖ್ಯೆ. ಕೊಂದವನ ಮೈಬಣ್ಣವನ್ನಾಗಲಿ ಕುಲವನ್ನಾಗಲಿ ಅದು ವಿಚಾರಿಸುತ್ತಿರಲಿಲ್ಲ. ಮರುವರ್ಷ ಬಂದ ದಂಡ ಪ್ರಕ್ರಿಯಾ ಸಂಹಿತೆ ಮೊದಲು ವಿಚಾರಿಸುತ್ತಿದ್ದುದೇ ಅದನ್ನು. ಆರೋಪಿ ‘ಯುರೋಪಿಯನ್ ಬ್ರಿಟಿಷ್ ಪ್ರಜೆ’ಯೇ? ಹೌದಾದರೆ ಜಿಲ್ಲೆಯ ಮಾಮೂಲಿ ನ್ಯಾಯಾಲಯಕ್ಕೆ ಅವನನ್ನು ವಿಚಾರಿಸುವ ಅಧಿಕಾರವಿಲ್ಲ. ಅಪರಾಧ ಎಲ್ಲರಿಗೂ ಒಂದೇ, ವಿಚಾರಣೆಯ ದಾರಿ ಮಾತ್ರ ಎರಡು. ಬ್ರಿಟಿಷ್ ಭಾರತದಲ್ಲಿ ನೀಲಿ ತೋಟದ ದೊರೆ, ಚಹಾ ತೋಟದ ಮ್ಯಾನೇಜರು, ದಂಡಿನ ಸೋಜರ ಇವರೆಲ್ಲ ಆಳುಗಳನ್ನು ಹೊಡೆದು ಬಡಿದು ಕೊಂದ ಪ್ರಕರಣಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಸೋರಿಹೋದದ್ದು ಈ ಎರಡನೆಯ ದಾರಿಯಲ್ಲಿ. ಅದಕ್ಕೆ ಜನರಲ್ಲಿ ಮಡುಗಟ್ಟಿದ ಸಿಟ್ಟು ಪತ್ರಿಕೆ, ನಾಟಕ, ಸಭೆಗಳ ರೂಪದಲ್ಲಿ ಹೊರಬಂದು ಕೊನೆಗೆ ರಾಷ್ಟ್ರೀಯ ಚಳವಳಿಗೇ ಒಂದು ಕಾರಣವಾಯಿತು.

ಈ ಏರ್ಪಾಡಿನ ಬೇರು ಈಸ್ಟ್ ಇಂಡಿಯಾ ಕಂಪನಿಯ ಕಾಲದ್ದು. 1773ರ ರೆಗ್ಯುಲೇಟಿಂಗ್ ಕಾಯಿದೆಯಂತೆ ಕಲ್ಕತ್ತೆಯಲ್ಲಿ ಸುಪ್ರೀಂ ಕೋರ್ಟ್ ಸ್ಥಾಪನೆಯಾಯಿತು. ಇಂಗ್ಲಿಷರು ಆ ಕೋರ್ಟಿನ ಅಧೀನ; ಮೊಫಸಿಲ್, ಅಂದರೆ ಒಳನಾಡಿನ, ಜನ ಕಂಪನಿಯ ಅದಾಲತ್ತುಗಳ ಅಧೀನ. ಕಂಪನಿಯ ವ್ಯಾಪಾರಿಗಳು ಬಂದರು ಪಟ್ಟಣಗಳಲ್ಲೇ ಇದ್ದಷ್ಟು ದಿನ ಇದು ಅಷ್ಟಾಗಿ ಕಾಡಲಿಲ್ಲ. 1813ರ ಸನ್ನದು ಕಾಯಿದೆ ಒಂದು ಸಣ್ಣ ತೇಪೆ ಹಾಕಿತು. ಇಂಗ್ಲಿಷರು ಸ್ಥಳೀಯರ ಮೇಲೆ ಕೈಮಾಡಿದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ 500 ರೂಪಾಯಿಯವರೆಗೆ ಜುಲ್ಮಾನೆ ಹಾಕಬಹುದು, ಅದಕ್ಕಿಂತ ಗಂಭೀರವಾದದ್ದೆಲ್ಲ ಕಲ್ಕತ್ತೆಗೆ. 1833ರ ಸನ್ನದು ಬಂದ ಮೇಲೆ ಯುರೋಪಿಯನ್ನರು ಒಳನಾಡಿನಲ್ಲಿ ನೆಲೆಸಿ ಜಮೀನು ಹಿಡಿಯುವುದು ಸಲೀಸಾಯಿತು. ದೊರೆಗಳು ನದಿಯಾ, ಜೆಸ್ಸೋರ್‌ಗಳ ಹಳ್ಳಿಗಳಲ್ಲಿ ಬೇರುಬಿಟ್ಟರು. ಅವರನ್ನು ವಿಚಾರಿಸಬೇಕಾದ ನ್ಯಾಯಪೀಠ ಕಲ್ಕತ್ತೆಯಲ್ಲೇ ಉಳಿಯಿತು.

ಆ ದೂರ ಎಂಥದ್ದೆಂಬುದನ್ನು ಒಬ್ಬ ರೈತನ ಕಡೆಯಿಂದ ನೋಡಬೇಕು. ನೀಲಿ ಕೋಠಿಯ, ಅಂದರೆ ನೀಲಿ ಕಾರ್ಖಾನೆಯ, ದೊರೆ ಅವನ ಮಗನನ್ನು ಗೋದಾಮಿನಲ್ಲಿ ಕೂಡಿಹಾಕಿ ಚರ್ಮದ ಚಾಟಿಯಲ್ಲಿ ಬಾರಿಸಿದ್ದಾನೆ. ಫಿರ್ಯಾದು ಕೊಡಬೇಕಾದರೆ ಹೊಲ ಬಿಟ್ಟು, ಸಾಕ್ಷಿಗಳನ್ನೂ ಕಟ್ಟಿಕೊಂಡು ದೋಣಿಯಲ್ಲೋ ಗಾಡಿಯಲ್ಲೋ ನಡೆದೋ ಕಲ್ಕತ್ತೆ ಸೇರಬೇಕು. ಅಲ್ಲಿ ವಾರಗಟ್ಟಲೆ ತಂಗಬೇಕು. ಗೊತ್ತಿಲ್ಲದ ಭಾಷೆಯಲ್ಲಿ, ಆರೋಪಿಯ ಊರಿನವರೇ ಆದ ಜ್ಯೂರಿಯ ಮುಂದೆ ಹೇಳಿಕೆ ಕೊಡಬೇಕು. ಅಷ್ಟರಲ್ಲಿ ಊರಿನಲ್ಲಿ ದೊರೆಯ ಲಠಿಯಾಲರು, ಅಂದರೆ ಬಡಿಗೆ ಹಿಡಿದ ಬಾಡಿಗೆ ಆಳುಗಳು, ಅವನ ದನ ಹೊಡೆದುಕೊಂಡು ಹೋಗಿರುತ್ತಿದ್ದರು. ಅವನ ಮೇಲೆ ದೊರೆ ಹೂಡುವ ಸಾಲದ ದಾವೆ ಮಾತ್ರ ಪಕ್ಕದ ಕಚೇರಿಯಲ್ಲೇ ನಡೆಯುತ್ತಿತ್ತು. 1857ರಲ್ಲಿ ಸರ್ಕಾರ ಕೆಲವು ನೀಲಿ ದೊರೆಗಳನ್ನೇ ಗೌರವ ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಆಡಳಿತದ ಇತಿಹಾಸದಲ್ಲಿ ಸಿಗುವುದು ಕಷ್ಟ.

ಇದನ್ನು ಸರಿಪಡಿಸುವ ಪ್ರಯತ್ನ ಸರ್ಕಾರದ ಒಳಗಿನಿಂದಲೇ ನಡೆಯದೆ ಇರಲಿಲ್ಲ. 1836ರಲ್ಲಿ ಗವರ್ನರ್ ಜನರಲ್ ಮಂಡಳಿಯ ಕಾನೂನು ಸದಸ್ಯ ಮೆಕಾಲೆ ಮೊಫಸಿಲ್ ಇಂಗ್ಲಿಷರ ಸಿವಿಲ್ ಮೇಲ್ಮನವಿಯ ವಿಶೇಷ ಹಕ್ಕನ್ನು ತೆಗೆದುಹಾಕಿದ. ಕಲ್ಕತ್ತೆಯ ಇಂಗ್ಲಿಷರು ಅದನ್ನು ‘ಕರಾಳ ಕಾಯಿದೆ’ ಎಂದು ಕರೆದರು. 1849ರಲ್ಲಿ ಕಾನೂನು ಸದಸ್ಯ ಡ್ರಿಂಕ್‌ವಾಟರ್ ಬೆಥೂನ್ ಇನ್ನೂ ಮುಂದೆ ಹೋಗಿ, ಕ್ರಿಮಿನಲ್ ಪ್ರಕರಣಗಳಲ್ಲೂ ಅವರನ್ನು ಕಂಪನಿಯ ನ್ಯಾಯಾಲಯಗಳ ಅಧೀನಕ್ಕೆ ತರುವ ಮಸೂದೆಗಳನ್ನು ಸಿದ್ಧಪಡಿಸಿದ. ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಬೆಥೂನ್ ಇವನೇ. ಮಸೂದೆಗಳ ವಿರುದ್ಧ ಎದ್ದ ಗದ್ದಲಕ್ಕೆ ಸರ್ಕಾರ ಹೆದರಿ ಅವನ್ನು ಕೈಬಿಟ್ಟಿತು. ಅವುಗಳ ಪರವಾಗಿ ಕಿರುಹೊತ್ತಗೆ ಬರೆದ ರಾಮಗೋಪಾಲ ಘೋಷ್ ಕೃಷಿ ಮತ್ತು ತೋಟಗಾರಿಕೆ ಸಂಘದ ಉಪಾಧ್ಯಕ್ಷ ಸ್ಥಾನ ಕಳೆದುಕೊಂಡರು. ತಪ್ಪು ಮಾಡಿದವನಿಗಿಂತ ತಪ್ಪನ್ನು ಎತ್ತಿ ಆಡಿದವನಿಗೆ ಬೇಗ ಏಟು ಬೀಳುವುದು ಈ ಇತಿಹಾಸದ ಉದ್ದಕ್ಕೂ ಕಾಣುತ್ತದೆ.

ನೀಲಿ ಬೇಸಾಯದಲ್ಲಿ ಜುಲುಮೆ ಹುಟ್ಟುತ್ತಿದ್ದುದು ಲೆಕ್ಕದ ಪುಸ್ತಕದಲ್ಲಿ. ರೈತನಿಗೆ ಬಿತ್ತನೆಗೆ ಮುಂಚೆ ‘ದಾದನ್’ ಎಂಬ ಮುಂಗಡ ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ತನ್ನ ಒಳ್ಳೆಯ ಭೂಮಿಯಲ್ಲಿ ಭತ್ತದ ಬದಲು ನೀಲಿ ಬಿತ್ತಬೇಕು. ಕೋಠಿಗೆ ತಂದ ಕಟ್ಟುಗಳನ್ನು ಅಳೆಯುವವನು ಕೋಠಿಯ ನೌಕರ. ಬೆಲೆ ಕಟ್ಟುವವನೂ ಅವನೇ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಮುಂಗಡ ತೀರಿರುತ್ತಿರಲಿಲ್ಲ. ಅಪ್ಪನ ಬಾಕಿ ಮಗನ ತಲೆಗೆ ಬರುತ್ತಿತ್ತು. ಬಿತ್ತುವುದಿಲ್ಲ ಎಂದವನಿಗೆ ಗೋದಾಮು, ಚಾಟಿ. ಬಂಗಾಳದ ಹಳ್ಳಿಗರು ಆ ಚಾಟಿಗೆ ‘ಶ್ಯಾಮಚಾಂದ್’ ಎಂದು ಹೆಸರಿಟ್ಟಿದ್ದರು. 1859ರಲ್ಲಿ ನದಿಯಾ ಜಿಲ್ಲೆಯ ಚೌಗಾಛಾ ಹಳ್ಳಿಯಲ್ಲಿ ದಿಗಂಬರ ಬಿಸ್ವಾಸ್ ಮತ್ತು ಬಿಷ್ಣುಚರಣ ಬಿಸ್ವಾಸ್ ನೀಲಿ ಬಿತ್ತುವುದನ್ನೇ ನಿರಾಕರಿಸಿದರು. ಮರುವರ್ಷದ ಹೊತ್ತಿಗೆ ಆ ಹಟ ಜಿಲ್ಲೆ ಜಿಲ್ಲೆಗೆ ಹಬ್ಬಿತು. ಬಾರಾಸತ್‌ನ ಮ್ಯಾಜಿಸ್ಟ್ರೇಟ್ ಆಶ್ಲೀ ಈಡನ್, ಏನು ಬಿತ್ತಬೇಕೆಂಬುದು ರೈತನ ಇಷ್ಟ ಎಂದು ಆದೇಶ ಹೊರಡಿಸಿದ್ದು ರೈತರಿಗೆ ಆನೆಬಲ ತಂದಿತ್ತು.

ಸರ್ಕಾರದ ಪ್ರತಿಕ್ರಿಯೆ ಎರಡು ಮುಖದ್ದು. ಒಂದು ಕಡೆ ಬಿತ್ತನೆಯ ಕರಾರು ಮುರಿದ ರೈತನನ್ನು ಜೈಲಿಗೆ ಹಾಕುವ ತಾತ್ಕಾಲಿಕ ಕಾಯಿದೆ, ಇನ್ನೊಂದು ಕಡೆ ತನಿಖೆಗೆ ನೀಲಿ ಆಯೋಗ. ಎರಡೂ 1860ರ ಅದೇ ತಿಂಗಳುಗಳಲ್ಲಿ. ಸೀಟನ್-ಕಾರ್ ಅಧ್ಯಕ್ಷತೆಯ ಆಯೋಗದ ಮುಂದೆ ರೈತರು, ಪಾದ್ರಿಗಳು, ಅಧಿಕಾರಿಗಳು ಹೇಳಿಕೆ ಕೊಟ್ಟರು. ಫರೀದ್‌ಪುರದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ಡಿ-ಲಾಟೂರ್, ಮನುಷ್ಯರ ರಕ್ತದ ಕಲೆಯಿಲ್ಲದ ನೀಲಿಯ ಪೆಟ್ಟಿಗೆ ಒಂದೂ ಇಂಗ್ಲೆಂಡಿಗೆ ತಲುಪುತ್ತಿಲ್ಲ ಎಂಬ ಅರ್ಥದ ಮಾತನ್ನು ಅಲ್ಲಿ ನಿಸ್ಸಂಕೋಚವಾಗಿ ಒಪ್ಪಿಕೊಂಡ. ವರದಿ ರೈತರ ದೂರನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಅದರಿಂದ ಬಲವಂತದ ಬೇಸಾಯ ಬಂಗಾಳದಲ್ಲಿ ಕುಸಿಯಿತು. ಆದರೆ ವರದಿಯಲ್ಲಿ ವರ್ಣಿತವಾದ ಅಪಹರಣ, ಕೂಡಿಹಾಕುವಿಕೆ, ಹಲ್ಲೆಗಳಿಗಾಗಿ ದೊರೆಗಳ ಮೇಲೆ ಸಾಲುಸಾಲಾಗಿ ಮೊಕದ್ದಮೆ ಹೂಡುವ ಯೋಚನೆ ಯಾರಿಗೂ ಬರಲಿಲ್ಲ.

ಜೈಲಿಗೆ ಹೋದವರು ಬೇರೆ. ಅಂಚೆ ಇಲಾಖೆಯ ಅಧಿಕಾರಿ ದೀನಬಂಧು ಮಿತ್ರ 1860ರಲ್ಲಿ ಢಾಕಾದಲ್ಲಿ ‘ನೀಲದರ್ಪಣ’ ನಾಟಕವನ್ನು ತಮ್ಮ ಹೆಸರು ಹಾಕದೆ ಅಚ್ಚು ಹಾಕಿಸಿದ್ದರು. ಐರ್ಲೆಂಡ್ ಮೂಲದ ಪಾದ್ರಿ ಜೇಮ್ಸ್ ಲಾಂಗ್ ಅದರ ಇಂಗ್ಲಿಷ್ ಅನುವಾದವನ್ನು 1861ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಬಂಗಾಳ ಸರ್ಕಾರದ ಕಾರ್ಯದರ್ಶಿಯಾಗಿದ್ದ ಸೀಟನ್-ಕಾರ್ ಕಚೇರಿಯಿಂದ ಇನ್ನೂರಕ್ಕೂ ಹೆಚ್ಚು ಪ್ರತಿಗಳು ಸರ್ಕಾರಿ ಮೊಹರಿನಲ್ಲೇ ಅಂಚೆಗೆ ಹೋದವು. ನೀಲಿ ದೊರೆಗಳಿಗೂ ಅವರ ಪರವಾದ ಪತ್ರಿಕೆಗಳ ಸಂಪಾದಕರಿಗೂ ಮಾನಹಾನಿಯಾಯಿತು ಎಂದು ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ಖಟ್ಲೆ ನಡೆಯಿತು. ಮೊದಲು ಮುದ್ರಕನಿಗೆ 10 ರೂಪಾಯಿ ಜುಲ್ಮಾನೆ ಬಿತ್ತು. ಜುಲೈ 24ರಂದು ನ್ಯಾಯಮೂರ್ತಿ ಮಾರ್ಡಾಂಟ್ ವೆಲ್ಸ್ ಲಾಂಗ್‌ಗೆ ಒಂದು ತಿಂಗಳ ಸೆರೆ ಮತ್ತು 1,000 ರೂಪಾಯಿ ಜುಲ್ಮಾನೆ ವಿಧಿಸಿದ. ಮೂಲ ಬರೆದವರ ಹೆಸರನ್ನಾಗಲಿ ಅನುವಾದಿಸಿದವರ ಹೆಸರನ್ನಾಗಲಿ ಲಾಂಗ್ ಬಾಯಿಬಿಡಲಿಲ್ಲ. ಕೋರ್ಟಿನಲ್ಲೇ ಇದ್ದ ಯುವಕ ಕಾಳೀಪ್ರಸನ್ನ ಸಿಂಹ ಜುಲ್ಮಾನೆಯ ಹಣವನ್ನು ಅಲ್ಲಿಯೇ ಕಟ್ಟಿದರು. ನೀಲಿ ಪ್ರದೇಶದ ಸುದ್ದಿಯನ್ನು ವಾರವಾರವೂ ‘ಹಿಂದೂ ಪೇಟ್ರಿಯಟ್’ನಲ್ಲಿ ಅಚ್ಚು ಹಾಕುತ್ತಿದ್ದ ಹರೀಶಚಂದ್ರ ಮುಖರ್ಜಿ ಅದಕ್ಕೂ ಮುಂಚಿನ ತಿಂಗಳು ಮೂವತ್ತೇಳರ ವಯಸ್ಸಿನಲ್ಲಿ ತೀರಿಕೊಂಡಿದ್ದರು. ರೈತ ಹೆಣ್ಣುಮಗಳೊಬ್ಬಳನ್ನು ಹೊತ್ತೊಯ್ದ ಆರೋಪದ ವರದಿಗಾಗಿ ದೊರೆಯೊಬ್ಬ ಅವರ ಮೇಲೆ ಹೂಡಿದ್ದ ದಾವೆ ಅವರ ಸಾವಿನೊಂದಿಗೆ ಮುಗಿಯಲಿಲ್ಲ. ಅವರ ವಿಧವೆಯ ಬೆನ್ನು ಹತ್ತಿತು.

1872ರಲ್ಲಿ ಕಾನೂನು ಸದಸ್ಯ ಫಿಟ್ಸ್‌ಜೇಮ್ಸ್ ಸ್ಟೀಫನ್ ಪ್ರಕ್ರಿಯಾ ಸಂಹಿತೆಯನ್ನು ತಿದ್ದಿದ. ಇನ್ನು ಮುಂದೆ ಜಿಲ್ಲೆಯಲ್ಲೇ ಯುರೋಪಿಯನ್ನರ ವಿಚಾರಣೆ ನಡೆಯಬಹುದು, ಆದರೆ ಪೀಠದಲ್ಲಿ ಕೂತವನೂ ಯುರೋಪಿಯನ್ನನೇ ಆಗಿರಬೇಕು. ಮ್ಯಾಜಿಸ್ಟ್ರೇಟ್ ಕೊಡಬಹುದಾದ ಗರಿಷ್ಠ ಶಿಕ್ಷೆ ಮೂರು ತಿಂಗಳು, ಸೆಷನ್ಸ್ ನ್ಯಾಯಾಧೀಶ ಕೊಡಬಹುದಾದದ್ದು ಒಂದು ವರ್ಷ. ಅದಕ್ಕೂ ಮೇಲಿನದು ಹೈಕೋರ್ಟಿಗೆ. ದೂರದ ತೊಂದರೆ ಅಷ್ಟಿಷ್ಟು ನೀಗಿತು. ಅದರ ಜಾಗದಲ್ಲಿ ಬೇರೊಂದು ಬಂತು: ತೀರ್ಪು ಹೇಳುವವನು ಆರೋಪಿಯ ಜೊತೆ ಸಂಜೆ ಊಟಕ್ಕೆ ಕೂರುವವನು.

ಆಗ್ರಾದ ಫುಲ್ಲರ್ ಪ್ರಕರಣ ಈ ಕಾಲದ್ದು. 1875ರ ಒಂದು ಭಾನುವಾರ ಬೆಳಿಗ್ಗೆ ಇಂಗ್ಲಿಷ್ ವಕೀಲ ಫುಲ್ಲರ್ ಸಂಸಾರ ಸಮೇತ ಚರ್ಚಿಗೆ ಹೊರಟಿದ್ದ. ಗಾಡಿ ಸಿದ್ಧವಾಗಿತ್ತು, ಸಯೀಸ, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಜಾಗದಲ್ಲಿರಲಿಲ್ಲ. ಅವನು ಬಂದಾಗ ಫುಲ್ಲರ್ ತಲೆಗೆ ಹೊಡೆದು ಕೂದಲು ಹಿಡಿದೆಳೆದ. ಆಳು ನೆಲಕ್ಕೆ ಬಿದ್ದ. ಗಾಡಿ ಚರ್ಚಿಗೆ ಹೋಯಿತು. ಆಳು ಎದ್ದು ಪಕ್ಕದ ಆವರಣದವರೆಗೆ ನಡೆದು ಅಲ್ಲಿ ಸತ್ತ. ಗುಲ್ಮ ಒಡೆದಿತ್ತು ಎಂದು ವೈದ್ಯರು ಹೇಳಿದರು. ಜಾಯಿಂಟ್ ಮ್ಯಾಜಿಸ್ಟ್ರೇಟ್ ಲೀಡ್ಸ್ ಇದನ್ನು ಕೇವಲ ‘ಗಾಯ ಮಾಡಿದ್ದು’ ಎಂದು ತೀರ್ಮಾನಿಸಿ 30 ರೂಪಾಯಿ ಜುಲ್ಮಾನೆ ಹಾಕಿ, ಆ ಹಣ ವಿಧವೆಗೆ ಸೇರಲಿ ಎಂದ.

ಗುಲ್ಮದ ವಾದವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅದು ಹತ್ತಾರು ಮೊಕದ್ದಮೆಗಳಲ್ಲಿ ಮರಳಿ ಮರಳಿ ಬಂತು. ಮಲೇರಿಯಾ ಪದೇ ಪದೇ ಬಂದವರಿಗೆ ಗುಲ್ಮ ಊದಿಕೊಂಡು ಮೆತ್ತಗಾಗುತ್ತದೆ. ಅಂಥ ಗುಲ್ಮ ಸಾಧಾರಣ ಪೆಟ್ಟಿಗೂ ಒಡೆಯಬಹುದು. ವೈದ್ಯಕೀಯವಾಗಿ ಇದು ಸುಳ್ಳಲ್ಲ. ಬಂಗಾಳದ ಸರ್ಕಾರಿ ವೈದ್ಯ ನಾರ್ಮನ್ ಚೆವರ್ಸ್ ಬರೆದ ನ್ಯಾಯವೈದ್ಯಕೀಯ ಗ್ರಂಥದಲ್ಲೂ ಇದರ ಚರ್ಚೆಯಿದೆ. ಆದರೆ ಕೋರ್ಟಿನಲ್ಲಿ ಅದು ತಲೆಕೆಳಗಾಗಿ ಬಳಕೆಯಾಯಿತು. ಬಡವರ ಮೈಯಲ್ಲಿ ಗುಲ್ಮ ಊದಿರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾದರೆ, ಗೊತ್ತಿದ್ದೂ ಹೊಟ್ಟೆಗೆ ಒದ್ದವನ ಹೊಣೆ ಹೆಚ್ಚಬೇಕಿತ್ತು. ನ್ಯಾಯಾಲಯಗಳು ಸತ್ತವನ ರೋಗವನ್ನೇ ಕೊಂದವನ ರಕ್ಷಣೆಯಾಗಿ ಒಪ್ಪಿದವು. ಪ್ರಾಣ ತೆಗೆದ ಅಪರಾಧ ಕೈಮಾಡಿದ ತಪ್ಪಿಗೆ ಇಳಿಯಿತು, ಸೆರೆವಾಸ ಜುಲ್ಮಾನೆಗೆ ಇಳಿಯಿತು. ದೇಶಭಾಷೆಯ ಪತ್ರಿಕೆಗಳಲ್ಲಿ ಗುಲ್ಮ ಎಂಬುದು ಒಂದು ಕಹಿ ಹಾಸ್ಯವೇ ಆಗಿಹೋಯಿತು.

ಫುಲ್ಲರ್ ಪ್ರಕರಣ ಅಲ್ಲಿಗೇ ಮುಗಿಯದಂತೆ ಮಾಡಿದವನು ವೈಸ್‌ರಾಯ್ ಲಿಟ್ಟನ್. ಶಿಕ್ಷೆ ಹಗುರವಿರಬಹುದು, ಆದರೆ ಕೈಹಾಕುವಂಥದ್ದಲ್ಲ ಎಂದು ಅಲಹಾಬಾದ್ ಹೈಕೋರ್ಟ್ ಹೇಳಿದ ಮೇಲೂ ಅವನು 1876ರಲ್ಲಿ ಲೀಡ್ಸ್‌ನನ್ನೂ ಹೈಕೋರ್ಟನ್ನೂ ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡ ಟಿಪ್ಪಣಿ ಪ್ರಕಟಿಸಿದ. ಇಂಗ್ಲಿಷರ ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ಎರಡು ವರ್ಷ ಕಳೆಯುವಷ್ಟರಲ್ಲಿ ಇದೇ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ ತಂದ. ಒಬ್ಬ ಆಳಿನ ಸಾವಿಗೆ ಮರುಗಿದವನು, ಅಂಥ ಸಾವುಗಳನ್ನು ಬರೆಯುವ ಪತ್ರಿಕೆಗಳನ್ನು ಸಹಿಸಲಿಲ್ಲ.

ಮುಂದಿನ ಜಗಳ ಹುಟ್ಟಿದ್ದು ಒಬ್ಬ ಅಧಿಕಾರಿಯ ಬಡ್ತಿಯ ಪ್ರಶ್ನೆಯಿಂದ. ಐಸಿಎಸ್‌ನ ಬಿಹಾರಿಲಾಲ್ ಗುಪ್ತ ಕಲ್ಕತ್ತೆಯಲ್ಲಿ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಯುರೋಪಿಯನ್ನರನ್ನು ವಿಚಾರಿಸಬಹುದಿತ್ತು. ಅವರೇ ಬಡ್ತಿ ಪಡೆದು ಜಿಲ್ಲೆಗೆ ಹೋದರೆ ಆ ಅಧಿಕಾರ ಕಳೆದುಹೋಗುತ್ತಿತ್ತು. 1882ರಲ್ಲಿ ಅವರು ಇದನ್ನು ಸರ್ಕಾರದ ಗಮನಕ್ಕೆ ತಂದರು. ವೈಸ್‌ರಾಯ್ ರಿಪ್ಪನ್‌ನ ಕಾನೂನು ಸದಸ್ಯ ಕೋರ್ಟನಿ ಇಲ್ಬರ್ಟ್ 1883ರ ಫೆಬ್ರವರಿಯಲ್ಲಿ ಮಂಡಿಸಿದ ಮಸೂದೆ ಇಷ್ಟನ್ನೇ ಸರಿಪಡಿಸಲು ಹೊರಟಿತ್ತು. ಅದರಿಂದ ಹೊಸ ಅಧಿಕಾರ ಪಡೆಯುತ್ತಿದ್ದ ಭಾರತೀಯ ಅಧಿಕಾರಿಗಳು ಬೆರಳೆಣಿಕೆಯಷ್ಟು. ಗದ್ದಲ ಮಾತ್ರ ಇಡೀ ಸಾಮ್ರಾಜ್ಯದ್ದು. ಫೆಬ್ರವರಿ 28ರಂದು ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ಕಿಕ್ಕಿರಿದ ಸಭೆ. ಬ್ಯಾರಿಸ್ಟರ್ ಬ್ರಾನ್ಸನ್‌ನ ಭಾಷಣ ಬರೀ ಬೈಗುಳ. ತೋಟದ ದೊರೆಗಳು, ಸೆಣಬಿನ ವ್ಯಾಪಾರಿಗಳು ಹಣ ಸುರಿದು ರಕ್ಷಣಾ ಸಂಘ ಕಟ್ಟಿದರು. ಇಂಗ್ಲಿಷ್ ಹೆಂಗಸರು ಮನವಿಗೆ ಸಹಿ ಹಾಕಿದರು. ವೈಸ್‌ರಾಯನನ್ನೇ ಹಿಡಿದು ಚಾಂದ್‌ಪಾಲ್ ಘಾಟಿನಲ್ಲಿ ಹಡಗು ಹತ್ತಿಸಿ ಇಂಗ್ಲೆಂಡಿಗೆ ಸಾಗಹಾಕುವ ಸಂಚು ನಡೆದಿತ್ತು ಎಂದು ಬಂಗಾಳದ ಅಧಿಕಾರಿ ಬಕ್ಲೆಂಡ್ ಮುಂದೆ ಬರೆದಿದ್ದಾನೆ.

ಕೊನೆಗೆ ರಿಪ್ಪನ್ ಬಗ್ಗಿದ. 1884ರ ಜನವರಿಯಲ್ಲಿ ಅಂಗೀಕಾರವಾದ ಕಾಯಿದೆಯಂತೆ ಭಾರತೀಯ ಜಿಲ್ಲಾ ಮ್ಯಾಜಿಸ್ಟ್ರೇಟರೂ ಸೆಷನ್ಸ್ ನ್ಯಾಯಾಧೀಶರೂ ಯುರೋಪಿಯನ್ನರನ್ನು ವಿಚಾರಿಸಬಹುದು. ಆದರೆ ಆರೋಪಿ ಕೇಳಿದರೆ ಜ್ಯೂರಿ ಕೊಡಬೇಕು, ಅದರಲ್ಲಿ ಕನಿಷ್ಠ ಅರ್ಧದಷ್ಟು ಯುರೋಪಿಯನ್ನರೋ ಅಮೆರಿಕನ್ನರೋ ಇರಬೇಕು. ವಿಶೇಷ ಹಕ್ಕನ್ನು ಕತ್ತರಿಸಲು ಹೋದ ಸುಧಾರಣೆ ಇನ್ನೊಂದು ವಿಶೇಷ ಹಕ್ಕನ್ನು ಕೈಗಿಟ್ಟು ವಾಪಸು ಬಂತು. ಪುಟ್ಟ ಜಿಲ್ಲಾ ಕೇಂದ್ರಗಳಲ್ಲಿ ಅಂಥ ಜ್ಯೂರಿಗೆ ಸಿಗುತ್ತಿದ್ದವರು ಸುತ್ತಲಿನ ತೋಟದ ದೊರೆಗಳೇ. ಅದೇ ಗದ್ದಲದ ನಡುವೆ ಸುರೇಂದ್ರನಾಥ ಬ್ಯಾನರ್ಜಿ ‘ಬೆಂಗಾಲಿ’ ಪತ್ರಿಕೆಯಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ನಾರಿಸ್‌ನನ್ನು ಟೀಕಿಸಿದ್ದಕ್ಕೆ ನ್ಯಾಯಾಂಗ ನಿಂದನೆಯ ಹೆಸರಿನಲ್ಲಿ ಎರಡು ತಿಂಗಳು ಜೈಲಿನಲ್ಲಿದ್ದರು. ಒಗ್ಗಟ್ಟಾಗಿ ಕೂಗಿದರೆ ಸರ್ಕಾರ ಬಗ್ಗುತ್ತದೆ ಎಂಬ ಪಾಠವನ್ನು ಇಂಗ್ಲಿಷರು ಕಲಿಸಿಕೊಟ್ಟರು. ಮರುವರ್ಷ, 1885ರಲ್ಲಿ, ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು.

ಮೈಸೂರು ಸೀಮೆಯೂ ಈ ವ್ಯವಸ್ಥೆಯಿಂದ ಹೊರಗಿರಲಿಲ್ಲ. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಮರಳಿ ಕೊಟ್ಟಾಗ ಬರೆದ ಹಸ್ತಾಂತರ ಪತ್ರದಲ್ಲಿ, ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ಅಧಿಕಾರವನ್ನು ಗವರ್ನರ್ ಜನರಲ್ ತನ್ನ ಬಳಿಯೇ ಉಳಿಸಿಕೊಂಡ. ತನ್ನದೇ ರಾಜ್ಯದ ಚಿಕ್ಕಮಗಳೂರಿನಲ್ಲೋ ಮಂಜರಾಬಾದಿನಲ್ಲೋ ಕಾಫಿ ತೋಟ ಮಾಡಿಕೊಂಡಿದ್ದ ದೊರೆಯ ಮೇಲೆ ಮಹಾರಾಜನಿಗೆ ಇದ್ದದ್ದು ಮೇಲಿನವರು ವಹಿಸಿಕೊಟ್ಟಷ್ಟೇ ಅಧಿಕಾರ. ಕಾಫಿ ಕೂಲಿಗಳು ದಕ್ಷಿಣ ಕನ್ನಡದಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳ ಮೂಲಕ ಮುಂಗಡ ಪಡೆದು ಘಟ್ಟಕ್ಕೆ ಹೋಗುತ್ತಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟರೆ ಕರಾರು ಮುರಿದ ಅಪರಾಧವೆಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ 1859ರ 13ನೇ ಕಾಯಿದೆ ಕೊಡಗಿನಲ್ಲೂ ಜಾರಿಯಲ್ಲಿತ್ತು. ದೇಶದಲ್ಲಿ ಅದನ್ನು ರದ್ದುಗೊಳಿಸಿದಾಗ ಕೊಡಗಿನ ತೋಟಗಾರರಿಗಾಗಿ 1926ರಲ್ಲಿ ಪ್ರತ್ಯೇಕ ಕೂಲಿ ಕಾಯಿದೆಯೇ ಬಂತು. ಓಡಿಹೋದ ಕೂಲಿಯನ್ನು ಹಿಡಿಯುವ ಕಾನೂನಿಗೆ ಊರೂರಿನಲ್ಲೂ ಕೈಗಳಿದ್ದವು. ಕೂಲಿಯನ್ನು ಹೊಡೆದ ದೊರೆಯನ್ನು ಹಿಡಿಯುವ ಕಾನೂನು ಮಾತ್ರ ಅನುಮತಿಗಾಗಿ ಕಾಯಬೇಕಿತ್ತು.

ಈ ಅಸಮತೋಲನ ತುತ್ತತುದಿ ಮುಟ್ಟಿದ್ದು ಅಸ್ಸಾಮಿನ ಚಹಾ ತೋಟಗಳಲ್ಲಿ. ಛೋಟಾ ನಾಗಪುರ, ಒಡಿಶಾ, ಮದ್ರಾಸಿನ ಕಡೆಯ ಜಿಲ್ಲೆಗಳಿಂದ ಅರ್ಕಾಟಿಗಳೆಂಬ ದಳ್ಳಾಳಿಗಳು ಜನರನ್ನು ಪುಸಲಾಯಿಸಿ ತಂದು ಸ್ಟೀಮರಿಗೆ ತುಂಬುತ್ತಿದ್ದರು. 1865ರ ಕಾಯಿದೆ ತೋಟದ ಮಾಲೀಕನಿಗೆ ತಪ್ಪಿಸಿಕೊಂಡ ಕೂಲಿಯನ್ನು ವಾರಂಟಿಲ್ಲದೆ ತಾನೇ ಬಂಧಿಸುವ ಹಕ್ಕು ಕೊಟ್ಟಿತ್ತು. ಪೊಲೀಸ್ ಠಾಣೆ ದೂರ, ಮ್ಯಾಜಿಸ್ಟ್ರೇಟ್ ಇನ್ನೂ ದೂರ. ತೋಟದ ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ. 1884ರಲ್ಲಿ ಸ್ಟೀಮರ್ ಕಂಪನಿಯ ಇಂಗ್ಲಿಷ್ ನೌಕರ ವೆಬ್ ಎಂಬವನ ಮೇಲೆ, ಪ್ರಯಾಣದ ನಡುವೆ ಕೂಲಿ ಹೆಂಗಸೊಬ್ಬಳನ್ನು ಕೂಡಿಹಾಕಿ ಅತ್ಯಾಚಾರ ಮಾಡಿದ ಆರೋಪ ಬಂತು. ಆಕೆ ಸತ್ತಿದ್ದಳು. ಅವನಿಗೆ ಬಿದ್ದದ್ದು 100 ರೂಪಾಯಿ ಜುಲ್ಮಾನೆ. ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್ ಪ್ರಕರಣದ ಕಾಗದಪತ್ರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಹಂಚಿತು. ಎರಡು ವರ್ಷದ ನಂತರ ಆ ಸಂಸ್ಥೆಯ ದ್ವಾರಕಾನಾಥ ಗಂಗೂಲಿ ಸ್ವತಃ ಅಸ್ಸಾಮಿಗೆ ಹೋಗಿ ಕಂಡದ್ದನ್ನು ‘ಸಂಜೀವನಿ’ ಮತ್ತು ‘ಬೆಂಗಾಲಿ’ ಪತ್ರಿಕೆಗಳಲ್ಲಿ ಸಾಲು ಲೇಖನಗಳಾಗಿ ಬರೆದರು. ಅಸ್ಸಾಮಿನ ಚೀಫ್ ಕಮಿಷನರ್ ಹೆನ್ರಿ ಕಾಟನ್ 1901ರಲ್ಲಿ ಕೂಲಿ ಹೆಚ್ಚಿಸಬೇಕೆಂದು ವಾದಿಸಿ ತೋಟದವರ ಕೆಂಗಣ್ಣಿಗೆ ಗುರಿಯಾದ. ಸರ್ಕಾರ ಅವನ ಬೆನ್ನಿಗೆ ನಿಲ್ಲಲಿಲ್ಲ. 1904ರ ಬೊಂಬಾಯಿ ಕಾಂಗ್ರೆಸ್ ಅಧಿವೇಶನಕ್ಕೆ ಅವನೇ ಅಧ್ಯಕ್ಷನಾದ.

ದಂಡಿನವರ ಕಥೆ ಇನ್ನೊಂದು ಬಗೆಯದು, ಏಕೆಂದರೆ ಅಲ್ಲಿ ಸಾಕ್ಷಿಗಳೂ ಆರೋಪಿಗಳೂ ಒಂದೇ ಬ್ಯಾರಕ್ಕಿನವರು. 1899ರಲ್ಲಿ ರಂಗೂನಿನಲ್ಲಿ ವೆಸ್ಟ್ ಕೆಂಟ್ ರೆಜಿಮೆಂಟಿನ ಸೋಜರರು ಬರ್ಮಾದ ಹೆಂಗಸೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ಅಧಿಕಾರಿಗಳು ವಿಷಯ ಮುಚ್ಚಿಟ್ಟರು, ವಿಚಾರಣೆ ಬಿಡುಗಡೆಯಲ್ಲಿ ಮುಗಿಯಿತು. ವೈಸ್‌ರಾಯ್ ಕರ್ಜನ್ ಇಡೀ ರೆಜಿಮೆಂಟನ್ನು ಬಿಸಿಲು ಸುಡುವ ಏಡನ್ನಿಗೆ ಅಟ್ಟಿದ. 1902ರಲ್ಲಿ ಸಿಯಾಲ್‌ಕೋಟಿನಲ್ಲಿ 9ನೇ ಲಾನ್ಸರ್ಸ್ ದಳದವರು, ತಮಗೆ ಹೆಣ್ಣು ಹುಡುಕಿಕೊಡಲು ಒಪ್ಪದ ಅಡಿಗೆಯಾಳನ್ನು ರಾತ್ರಿ ಥಳಿಸಿದರು. ಕೆಲವು ದಿನ ಆಸ್ಪತ್ರೆಯಲ್ಲಿ ನರಳಿ ಅವನು ಸತ್ತ. ಹೊಡೆದವರು ಯಾರೆಂದು ಗೊತ್ತಾಗಲಿಲ್ಲ ಎಂದು ದಳದ ತನಿಖೆ ಕೈತೊಳೆದುಕೊಂಡಿತು. ಒಬ್ಬರ ಹೆಸರೂ ಹೊರಬರದಿದ್ದಾಗ ಕರ್ಜನ್ ಎಲ್ಲರ ರಜೆ ರದ್ದುಪಡಿಸಿ ಸಾಮೂಹಿಕ ಶಿಕ್ಷೆ ಕೊಟ್ಟ. ಲಂಡನ್ನಿನ ಗಣ್ಯ ಮನೆತನಗಳ ಹುಡುಗರು ಅಧಿಕಾರಿಗಳಾಗಿದ್ದ ದಳ ಅದು. ಅಲ್ಲಿಂದ ಬಂದ ಒತ್ತಡ ಕಡಿಮೆಯದಲ್ಲ. 1903ರ ಜನವರಿಯಲ್ಲಿ ದೆಹಲಿ ದರ್ಬಾರಿನ ಕವಾಯತಿನಲ್ಲಿ ಆ ದಳ ಬಂದಾಗ ನೆರೆದಿದ್ದ ಯುರೋಪಿಯನ್ನರು ಎದ್ದು ಹರ್ಷೋದ್ಗಾರ ಮಾಡಿದರು. ಹಾಗೆ ಕೂಗಿದವರಲ್ಲಿ ವೈಸ್‌ರಾಯನ ಸ್ವಂತ ಅತಿಥಿಗಳೂ ಇದ್ದರು. ಬಂಗಾಳ ವಿಭಜನೆಯ ಖಳನಾಯಕನೆಂದೇ ಶಾಲಾ ಪುಸ್ತಕಗಳಲ್ಲಿ ಬರುವ ಕರ್ಜನ್, ಆ ದಿನದ ಮಟ್ಟಿಗೆ ತನ್ನವರ ನಡುವೆ ಒಂಟಿಯಾಗಿದ್ದ.

1919ರ ಪಂಜಾಬಿನ ಘಟನೆಗಳ ವೇಳೆಗೆ ಈ ಹಳೆಯ ಅಭ್ಯಾಸ ಬೆತ್ತಲಾಯಿತು. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ ಡಯರ್‌ನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲೇ ಇಲ್ಲ. ಆ ಘಟನೆಗಳ ಬಗ್ಗೆ ಹಂಟರ್ ಸಮಿತಿಯ ತನಿಖೆ ಶುರುವಾಗುವ ಮುನ್ನವೇ, ಮಾರ್ಷಲ್ ಲಾ ಕಾಲದಲ್ಲಿ ಕೆಲಸ ಮಾಡಿದ ಅಧಿಕಾರಿಗಳಿಗೆ ರಕ್ಷಣೆ ಕೊಡುವ ಕಾಯಿದೆಯನ್ನು ಸೆಪ್ಟೆಂಬರಿನಲ್ಲೇ ಅಂಗೀಕರಿಸಲಾಗಿತ್ತು. ಡಯರ್ ಹುದ್ದೆ ಕಳೆದುಕೊಂಡ, ಅಷ್ಟೇ. 1920ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆ 86ರ ವಿರುದ್ಧ 129 ಮತಗಳಿಂದ ಅವನ ಪರ ನಿರ್ಣಯ ಮಾಡಿತು, ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಅವನಿಗಾಗಿ 26,000 ಪೌಂಡಿಗೂ ಮೇಲ್ಪಟ್ಟು ನಿಧಿ ಕೂಡಿಸಿತು. ಪಂಜಾಬಿನ ಲೆಫ್ಟಿನೆಂಟ್ ಗವರ್ನರಾಗಿದ್ದ ಓಡ್ವಯರನ ಹೊಣೆಯನ್ನು ತಮ್ಮ ಪುಸ್ತಕದಲ್ಲಿ ಎತ್ತಿ ಹೇಳಿದ ಸರ್ ಶಂಕರನ್ ನಾಯರ್ ಮೇಲೆ ಅವನು ಲಂಡನ್ನಿನಲ್ಲಿ ಮಾನಹಾನಿ ದಾವೆ ಹೂಡಿದ. 1924ರಲ್ಲಿ ಜ್ಯೂರಿಯ ಹನ್ನೊಂದು ಮಂದಿ ಓಡ್ವಯರನ ಪರ ನಿಂತರು. ಒಪ್ಪದವರು ಹೆರಾಲ್ಡ್ ಲಾಸ್ಕಿ ಒಬ್ಬರೇ. ನಾಯರ್ 500 ಪೌಂಡ್ ಪರಿಹಾರ ತೆರಬೇಕಾಯಿತು. ಲಾಂಗ್ ಪಾದ್ರಿಯ ಖಟ್ಲೆ ನಡೆದು ಅರವತ್ತಮೂರು ವರ್ಷಗಳಾಗಿದ್ದವು.

ಅಸ್ಸಾಮಿನಲ್ಲಿ ಕೊನೆಯ ದೊಡ್ಡ ಪ್ರಕರಣ ನಡೆದದ್ದು ಇದೇ ಕಾಲದಲ್ಲಿ. 1920ರ ಮೇ ತಿಂಗಳಲ್ಲಿ ಕಾಛಾಡ್ ಜಿಲ್ಲೆಯ ಖೊರಿಯಲ್ ತೋಟದ ಸಹಾಯಕ ಮ್ಯಾನೇಜರ್ ರೀಡ್, ಮಗಳನ್ನು ತನ್ನ ಬಂಗಲೆಗೆ ಕಳಿಸಲು ಒಪ್ಪದ ಕೂಲಿಯೊಬ್ಬನ ಮೇಲೆ ಗುಂಡು ಹಾರಿಸಿದ ಎಂಬುದು ಆರೋಪ. ಸಿಲ್ಚಾರಿನ ಜ್ಯೂರಿ ಅವನನ್ನು ಬಿಟ್ಟಿತು. ಪ್ರಕರಣ ಕಲ್ಕತ್ತೆ ಹೈಕೋರ್ಟಿಗೆ ಹೋಯಿತು. ಅಲ್ಲಿಯೂ ಬಿಡುಗಡೆಯೇ ಆಯಿತು. 1921ರ ಮೇನಲ್ಲಿ ಪಕ್ಕದ ಚರ್ಗೋಲಾ ಕಣಿವೆಯ ತೋಟಗಳಿಂದ ಸಾವಿರಾರು ಕೂಲಿಗಳು ಗಂಟುಮೂಟೆ ಕಟ್ಟಿಕೊಂಡು ಊರಿನತ್ತ ನಡೆದದ್ದಕ್ಕೆ ಕೂಲಿಯ ದರವೇ ಮುಖ್ಯ ಕಾರಣವಾದರೂ, ಗಾಂಧಿಯ ಹೆಸರು ಹೇಳಿಕೊಂಡು ಹೊರಟ ಆ ಜನರ ಬಾಯಲ್ಲಿ ದೊರೆಗಳ ಹೊಡೆತ ಬಡಿತದ ಮಾತೂ ಇತ್ತು. ಚಾಂದ್‌ಪುರ ರೈಲು ನಿಲ್ದಾಣದಲ್ಲಿ ಮಲಗಿದ್ದವರನ್ನು ಗೂರ್ಖಾ ಸಿಪಾಯಿಗಳು ರಾತ್ರೋರಾತ್ರಿ ಹೊಡೆದು ಎಬ್ಬಿಸಿದರು. 1922ರ ಮಾರ್ಚ್ 18ರಂದು ಅಹಮದಾಬಾದಿನ ಕೋರ್ಟಿನಲ್ಲಿ ರಾಜದ್ರೋಹದ ಆರೋಪಿಯಾಗಿ ನಿಂತ ಗಾಂಧೀಜಿ, ಯುರೋಪಿಯನ್ನರ ವಿರುದ್ಧದ ನೂರು ಮೊಕದ್ದಮೆಗಳಲ್ಲಿ ತೊಂಬತ್ತೊಂಬತ್ತರಲ್ಲಿ ಭಾರತೀಯರಿಗೆ ನ್ಯಾಯ ಸಿಕ್ಕಿಲ್ಲ ಎಂದು ತಮ್ಮ ಹೇಳಿಕೆಯಲ್ಲಿ ದಾಖಲಿಸಿದರು.

ಆ ಹೊತ್ತಿಗೆ ಸರ್ಕಾರ ಜನಾಂಗ ಭೇದದ ಕಲಮುಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತ್ತು. ಅದರ ಫಲವಾಗಿ ಬಂದ 1923ರ ತಿದ್ದುಪಡಿ ಭೇದವನ್ನು ಕುಗ್ಗಿಸಿತು, ಅಳಿಸಲಿಲ್ಲ. ಮಿಶ್ರ ಜ್ಯೂರಿಯ ಹಕ್ಕು ಬೇರೆ ರೂಪದಲ್ಲಿ ಉಳಿಯಿತು. ಅದು ಪೂರ್ತಿ ಅಳಿದದ್ದು ಸ್ವಾತಂತ್ರ್ಯದ ನಂತರ, 1949ರ ‘ಕ್ರಿಮಿನಲ್ ಕಾನೂನು (ಜನಾಂಗ ಭೇದ ನಿವಾರಣೆ) ಕಾಯಿದೆ’ಯಿಂದ.

ಅದೇ ಪ್ರಕ್ರಿಯಾ ಸಂಹಿತೆಯಲ್ಲಿ ಇನ್ನೊಂದು ರಕ್ಷಣೆಯೂ ಇತ್ತು. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕಾಗಿ ನ್ಯಾಯಾಧೀಶರನ್ನಾಗಲಿ ಮೇಲಧಿಕಾರಿಯನ್ನಾಗಲಿ ವಿಚಾರಣೆಗೆ ಒಳಪಡಿಸಲು ಸರ್ಕಾರದ ಪೂರ್ವಾನುಮತಿ ಬೇಕು ಎಂಬ ಕಲಮು ಅದು. 1898ರ ಸಂಹಿತೆಯಲ್ಲಿ ಅದರ ಸಂಖ್ಯೆ 197. ಜನಾಂಗದ ಮಾತಿಲ್ಲದ ಕಾರಣ ಅದು 1949ರಲ್ಲಿ ಉಳಿಯಿತು, 1973ರ ಹೊಸ ಸಂಹಿತೆಗೆ ಅದೇ ಸಂಖ್ಯೆಯೊಂದಿಗೆ ದಾಟಿತು. ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ವಿರುದ್ಧ ದೇಶವ್ಯಾಪಿ ಪ್ರತಿಭಟನೆ ನಡೆದ ಮೇಲೆ, 2013ರಲ್ಲಿ ಅದಕ್ಕೊಂದು ವಿವರಣೆ ಸೇರಿತು: ಅತ್ಯಾಚಾರ, ಲೈಂಗಿಕ ಕಿರುಕುಳದಂಥ ಆರೋಪ ಹೊತ್ತ ಸರ್ಕಾರಿ ನೌಕರನ ವಿಚಾರಣೆಗೆ ಅನುಮತಿ ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 218ನೇ ಕಲಮು. ಉಳಿದ ಪ್ರಕರಣಗಳಲ್ಲಿ ಅನುಮತಿ ಕೋರಿಕೆ ತಲುಪಿದ 120 ದಿನದೊಳಗೆ ಸರ್ಕಾರ ತೀರ್ಮಾನಿಸಬೇಕು, ಇಲ್ಲವಾದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಬೇಕು ಎಂದು ಅಲ್ಲಿ ಸೇರಿಸಲಾಗಿದೆ.